ಮೋಡೆಮ್ಮಿನ ಪಕ್ಕ ಮರಳಿನ ಬಕೆಟ್ಟು

ನಮ್ಮ ಮಾವನನ್ನು ಯಾವ ಸಿನಿಮಾ ಮಂದಿರಕ್ಕೆ ಕರೆದುಕೊಂಡು ಹೋದರೂ ಅವರು ಮೊದಲು ನೋಡುವುದು ಪರದೆಯನ್ನಲ್ಲ, ಬಾಗಿಲನ್ನು. ಎಷ್ಟು ಬಾಗಿಲಿವೆ, ಯಾವುದು ಹೊರಕ್ಕೆ ತೆರೆಯುತ್ತದೆ, ಯಾವುದಕ್ಕೆ ಬೀಗ ಜಡಿದಿದ್ದಾರೆ ಎಂದು ಖಾತ್ರಿಯಾಗುವವರೆಗೆ ಕೂರುವ ಮಾತೇ ಇಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಎಲ್ಲರೂ ಒಟ್ಟಿಗೆ ಹೋಗಿದ್ದೆವು. ನಾಯಕಿ ಸಾಯುವ ಹೊತ್ತು. ಇಡೀ ಮಂದಿರ ಮೂಗು ಒರೆಸಿಕೊಳ್ಳುತ್ತಿದೆ. ಮಾವ ನನ್ನ ಕಡೆ ಬಾಗಿ, "ಎಡಗಡೆ ಬಾಗಿಲಿಗೆ ಅಡ್ಡ ಕುರ್ಚಿ ಇಟ್ಟಿದಾರಮ್ಮ, ಇದು ಸರಿ ಅಲ್ಲ" ಅಂದರು. ಬರುತ್ತಿದ್ದ ಅಳು ಅಲ್ಲೇ ನಿಂತುಹೋಯಿತು.

ಮಾವ ಅಗ್ನಿಶಾಮಕ ದಳದಲ್ಲಿ ಇದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಆದರೆ ನಿವೃತ್ತಿ ಮಾವನಿಗೆ ಬಂತೇ ಹೊರತು ಅವರ ಕೈಗೆ ಬರಲಿಲ್ಲ. ನಾನು ಒಳಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ಕಿಟಕಿ ಪರದೆ, ದಿಂಬಿನ ಗವಸು, ಯಾರದೋ ಬಿಗಿಯಾದ ಪ್ಯಾಂಟು ಸಡಿಲ ಮಾಡುವುದು, ಇಂಥವೇ. ಒಂದು ಲೋಟ ನೀರು ಕುಡಿದು ಬರೋಣವೆಂದು ಎದ್ದು ಹೋದರೆ ಸಾಕು, ವಾಪಸ್ಸು ಬರುವಷ್ಟರಲ್ಲಿ ಯಂತ್ರದ ವೈರು ಸುರುಳಿ ಸುತ್ತಿಕೊಂಡು ನೆಲದ ಮೇಲೆ ಮಲಗಿರುತ್ತದೆ. ಇಸ್ತ್ರಿಪೆಟ್ಟಿಗೆ ಬಿಟ್ಟು ಬಾಗಿಲು ತೆಗೆಯಲು ಹೋದರೆ ಅದೂ ತಣ್ಣಗೆ. ಅತ್ತೆ ಬಚ್ಚಲಿನಲ್ಲಿರುವಾಗಲೇ ದೀಪ ಆರಿಸಿ ಬೈಸಿಕೊಂಡದ್ದೂ ಉಂಟು. "ಖಾಲಿ ಕೋಣೇಲಿ ಏನೂ ಉರೀಬಾರದು" ಎನ್ನುವುದು ಮಾವನ ಮೊದಲನೆಯ ನಿಯಮ.

"ರೀ, ನಾನು ಒಳಗೇ ಇದೀನಿ! ನಾನೇನು ಲೆಕ್ಕಕ್ಕಿಲ್ವಾ?" ಎಂದು ಅತ್ತೆ ಕತ್ತಲಲ್ಲಿ ಕೂಗುತ್ತಾರೆ. ಮಾವ ಮರುಮಾತಿಲ್ಲದೆ ದೀಪ ಹಾಕುತ್ತಾರೆ. ಮರುಮಾತು ಅವರ ಜಾಯಮಾನದಲ್ಲೇ ಇಲ್ಲ.

ಎರಡನೆಯ ನಿಯಮವೂ ಒಂದಿದೆ. "ಒಳಗೆ ಮನುಷ್ಯ ಇದಾನೆ ಅಂದ್ರೆ ಹಗ್ಗ ಬಿಡೋ ಹಾಗಿಲ್ಲ." ಹೊಗೆ ತುಂಬಿದ ಕಟ್ಟಡಕ್ಕೆ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನುಗ್ಗುವುದು, ಇನ್ನೊಬ್ಬ ಬಾಗಿಲಲ್ಲಿ ಆ ಹಗ್ಗ ಹಿಡಿದು ನಿಲ್ಲುವುದು. ಒಳಗಿನವನಿಗೆ ಕಣ್ಣು ಕಾಣದು, ಕಿವಿ ಕೇಳದು, ವಾಪಸ್ಸು ಬರಲು ದಾರಿ ಅಂತ ಇರುವುದು ಆ ಹಗ್ಗ ಒಂದೇ. ನಮ್ಮ ಮಾವ ಹಗ್ಗ ಹಿಡಿಯುವವರು. ನೆಟ್ಟ ಹಾಗೆ ನಿಲ್ಲುತ್ತಿದ್ದರಂತೆ, ಮೈಮೇಲೆ ಕೆಂಡ ಬಿದ್ದರೂ ಅಲ್ಲಾಡುತ್ತಿರಲಿಲ್ಲವಂತೆ. ಅದಕ್ಕೇ ದಳದಲ್ಲಿ ಅವರಿಗೆ 'ಗೂಟ' ಎಂದೇ ಹೆಸರು. ಒಳಗೆ ನುಗ್ಗುತ್ತಿದ್ದವರು ಅವರ ಜೀವದ ಗೆಳೆಯ. ಆರಡಿ ಮೀರಿದ ಆಸಾಮಿ, ಎಲ್ಲರೂ 'ಏಣಿ' ಎಂದೇ ಕರೆಯುತ್ತಿದ್ದರು. ನಮಗೆ ಏಣಿ ಮಾವ.

ಗೂಟ ಮಾತಾಡುವುದಿಲ್ಲ, ಏಣಿ ಬಾಯಿ ಮುಚ್ಚುವುದಿಲ್ಲ. ಈ ಗೆಳೆತನ ನಡೆದದ್ದೇ ಹಾಗೆ. ಏಣಿ ಮಾವ ಬಂದರೆ ನಮ್ಮ ಮನೆಯಲ್ಲಿ ರೇಡಿಯೋ ಬೇಡ. ದೂರದ ಊರಿಗೆ, ಮಗಳ ಮನೆಗೆ ಹೋದ ಮೇಲೂ ದಿನಾ ಸಂಜೆ ಚಹಾದ ಹೊತ್ತಿಗೆ ಫೋನು. ಆ ಕಡೆಯಿಂದ ಪುಂಖಾನುಪುಂಖ ಮಾತು, ಈ ಕಡೆಯಿಂದ "ಹ್ಞೂ." ನಡುವೆ ಒಂದು "ಹೌದಾ." ಕೊನೆಗೆ, "ಸರಿ, ಇಡ್ಲಾ?" ಮಾವನ ಮುಖದಲ್ಲಿ ಮಾತ್ರ ಹೊಟ್ಟೆ ತುಂಬ ಹರಟಿದವನ ತೃಪ್ತಿ.

ಆಮೇಲೆ ಏಣಿ ಮಾವನ ಗಂಟಲಿಗೆ ರೋಗ ಬಂತು. ಆಪರೇಷನ್ ಮಾಡಿ ಜೀವ ಉಳಿಸಿದರು. ದನಿ ಉಳಿಸಲಾಗಲಿಲ್ಲ.

ವಿಧಿಗೆ ಕಣ್ಣಿಲ್ಲ ಅನ್ನುತ್ತಾರೆ. ಕಣ್ಣಿಲ್ಲದಿದ್ದರೆ ಹೋಗಲಿ, ಬುದ್ಧಿಯಾದರೂ ಬೇಡವೇ? ಇಬ್ಬರಲ್ಲಿ ಒಬ್ಬರ ದನಿ ಕಿತ್ತುಕೊಳ್ಳಲೇಬೇಕಿದ್ದರೆ ನಮ್ಮ ಮಾವನದನ್ನು ಕಿತ್ತುಕೊಂಡಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಹೀಗಂತ ನಾನಂದದ್ದಲ್ಲ, ಅತ್ತೆ ಅಂದದ್ದು. ಅಂದು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆಮೇಲಿನ ಫೋನು ನೋಡಲಾಗುತ್ತಿರಲಿಲ್ಲ. ಆ ಕಡೆ ಏಣಿ ಮಾವ ಫೋನಿನ ಮೇಲೆ ಉಗುರಿನಿಂದ ಕುಟ್ಟುವುದು, ಒಮ್ಮೆ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ. ಈ ಕಡೆ ನಮ್ಮ ಮಾವ ಮಾತಾಡಬೇಕು. "ಊಟ ಆಯ್ತಾ?" ಟಕ್. "ಇಲ್ಲಿ ಬಿಸಿಲು. ಅಲ್ಲೂ ಬಿಸಿಲಾ?" ಟಕ್. ಅಷ್ಟಕ್ಕೆ ಮಾವನ ಸರಕು ಮುಗಿಯಿತು. ಫೋನು ಹಿಡಿದು ಕೂತು ನನ್ನ ಮುಖ ನೋಡುತ್ತಿದ್ದರು, ಏನಾದರೂ ಹೇಳಿಕೊಡು ಅನ್ನುವ ಹಾಗೆ. ಕ್ರಮೇಣ ಏಣಿ ಮಾವ ಫೋನು ಎತ್ತುವುದನ್ನೇ ಬಿಟ್ಟರು. "ಅಪ್ಪ ಯಾರ ಹತ್ರಾನೂ ಬೇಡ ಅಂತಾರೆ ಅಕ್ಕಾ. ಗೋಡೆ ಕಡೆ ಕುರ್ಚಿ ತಿರುಗಿಸ್ಕೊಂಡು ಕೂತಿರ್ತಾರೆ. ಊಟಾನೂ ಅಷ್ಟಕ್ಕಷ್ಟೆ" ಎಂದು ಅವರ ಮಗಳು ನನಗೆ ಹೇಳಿದಳು.

ಉಪಾಯ ಹೊಳೆದದ್ದು ಅವಳಿಗೇ. ಬೆಂಕಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ದಳದವರು ಕೈಸನ್ನೆ ಮಾಡಿಕೊಂಡಿದ್ದರು. ಅಂಗೈ ಎತ್ತಿದರೆ ನಿಲ್ಲು. ತಲೆಯ ಮೇಲೆ ಕೈ ಸುತ್ತಿದರೆ ನೀರು ಬಿಡು. ಮುಷ್ಟಿ ಕಟ್ಟಿ ಎದೆಗೊತ್ತಿದರೆ, ನಾನು ಒಳಗೆ ಹೋಗುತ್ತಿದ್ದೇನೆ, ಹಗ್ಗ ಹಿಡಿದುಕೋ. "ವಿಡಿಯೋದಲ್ಲಿ ಆದ್ರೆ ಇಬ್ರೂ ಕೈಯಲ್ಲೇ ಮಾತಾಡ್ಬಹುದಲ್ವಾ?" ಅಂದಳು. ಅದನ್ನು ಕೇಳಿದ ಮಾವ ತಾವಾಗಿಯೇ ಎದ್ದು ಹೋಗಿ ಶರ್ಟು ಬದಲಿಸಿಕೊಂಡು ಬಂದರು.

ಆದರೆ ನಮ್ಮ ಮನೆ ಇರುವುದು ಎತ್ತರದ ಕಟ್ಟಡಗಳ ಸಂದಿಯಲ್ಲಿ. ಇಲ್ಲಿ ಮೊಬೈಲಿನ ಸಿಗ್ನಲ್ಲು ದೂರದ ನೆಂಟರ ಹಾಗೆ, ಬಂದರೂ ಕೂರುವುದಿಲ್ಲ. ಮೊದಲ ದಿನ ಏಣಿ ಮಾವನ ಮುಖ ಕಂಡಿತು, ಕೈ ಎದ್ದಿತು, ಚಿತ್ರ ಅಲ್ಲೇ ಸ್ತಬ್ಧ. ಅಂಗೈ ಎತ್ತಿದ ಹಾಗೇ ಇದೆ. ಅಂದರೆ ನಿಲ್ಲು. ಮಾವ ಎದ್ದು ನಿಂತರು. ಚಿತ್ರ ಕದಲಲಿಲ್ಲ, ಮಾವನೂ ಕದಲಲಿಲ್ಲ. ನಾನು ಚಹಾ ಮಾಡಿ ತಂದೆ, ಆಗಲೂ ನಿಂತೇ ಇದ್ದರು.

"ಮಾವ, ಅದು ಕಟ್ಟಾಗಿದೆ. ಕೂತ್ಕೊಳ್ಳಿ."

"ಅವನು ಬಿಡು ಅಂದಿಲ್ಲವಲ್ಲಮ್ಮ."

ಅವತ್ತೇ ನಾನು ತೀರ್ಮಾನ ಮಾಡಿದೆ, ಮನೆಗೆ ಕೇಬಲ್ ಇಂಟರ್ನೆಟ್ ಹಾಕಿಸಿಯೇ ಸೈ ಎಂದು. ನಮ್ಮೆಜಮಾನರು ದೂರದೂರಿನ ಬಸ್ಸು ಓಡಿಸುವವರು, ಮನೆಗೆ ಬರುವುದೇ ಅಪರೂಪ. ಫೋನಿನಲ್ಲಿ ಹೇಳಿದರೆ "ನಿಂಗೆ ಸರಿ ಕಂಡಂಗೆ ಮಾಡು ಮಾರಾಯ್ತಿ" ಅಂದರು. ಅವರು ಯಾವಾಗಲೂ ಅನ್ನುವುದು ಅದನ್ನೇ.

ಕೇಬಲಿನವನು ಬಂದ. ಮುಂದಿನ ಕೋಣೆಯ ಕಿಟಕಿ ಚೌಕಟ್ಟಿಗೆ ತೂತು ಕೊರೆದು, ಕಪ್ಪು ವೈರು ಒಳಗೆಳೆದು, ಕಿಟಕಿ ಪಕ್ಕದ ಗೂಡಿನಲ್ಲಿ ಮೋಡೆಮ್ ಕೂರಿಸಿದ. ಟಿಫಿನ್ ಡಬ್ಬಿಯಷ್ಟು ಉದ್ದದ ಬಿಳೀ ಪೆಟ್ಟಿಗೆ, ಮುಖದ ಮೇಲೆ ಸಾಲಾಗಿ ಪುಟ್ಟ ದೀಪಗಳು. "ಮೇಡಂ, ಕಂಪನಿಯವರು ಈಗ ಸಿಗ್ನಲ್ ಕಳಿಸ್ತಾರೆ. ಮೊದಲನೇ ಸಲ ಈ ಬಾಕ್ಸು ತನಗೆ ಬೇಕಾದ್ದನ್ನೆಲ್ಲ ತಾನೇ ತರಿಸ್ಕೊಳ್ಳುತ್ತೆ. ಒಂದು ಗಂಟೆ ಆಗ್ಬಹುದು, ಜಾಸ್ತೀನೂ ಆಗ್ಬಹುದು. ಈ ನಡುವಿನ ದೀಪ ಮಿಣಮಿಣ ಅನ್ನೋದು ನಿಂತು ಒಂದೇ ಸಮ ಉರಿಯೋವರೆಗೆ ಆಫ್ ಮಾಡ್ಬೇಡಿ. ಮಾಡಿದ್ರೆ ಮತ್ತೆ ಮೊದಲಿಂದ" ಎಂದು ನನಗೆ ಒಪ್ಪಿಸಿ ಹೋದ. ಮಾವ ಆಗ ವೈರು ಪರದೆಗೆ ತಾಗುತ್ತದೋ ಎಂದು ಬಗ್ಗಿ ಪರೀಕ್ಷಿಸುತ್ತಿದ್ದರು.

ನನಗೇನು ಮಾವನ ಕೈ ಗೊತ್ತಿಲ್ಲವೇ? ಗೋಡೆಯ ಸ್ವಿಚ್ಚಿಗೆ ಅಡ್ಡಡ್ಡ ಟೇಪು ಅಂಟಿಸಿದೆ. "ಮಾವ, ಈ ಸ್ವಿಚ್ ಮಾತ್ರ ಮುಟ್ಟಕೂಡದು. ಏಣಿ ಮಾವ ಕಾಣ್ಬೇಕೂಂದ್ರೆ ಇದು ಉರೀತಾ ಇರ್ಬೇಕು. ನೀವೇ ಕಾವಲು" ಅಂದೆ.

"ಮುಟ್ಟಲ್ಲ" ಅಂದರು. ಮಾವ ಮಾತು ಕೊಟ್ಟರೆ ಮುಗಿಯಿತು. ನಾನು ನೆಮ್ಮದಿಯಾಗಿ ಒಳಕೋಣೆಗೆ ಹೋಗಿ ಹೊಲಿಗೆಗೆ ಕೂತೆ.

ಗಂಟೆ ಬಿಟ್ಟು ಬಂದು ನೋಡಿದರೆ ಮಿಣಮಿಣ. ಮತ್ತೊಂದು ಗಂಟೆ ಬಿಟ್ಟು ಬಂದರೂ ಮಿಣಮಿಣ. ಕಸ್ಟಮರ್ ಕೇರಿಗೆ ಫೋನು ಹಚ್ಚಿದೆ. ಪೀಪಿ ಊದಿದಂಥ ಸಂಗೀತವನ್ನು ಅರ್ಧ ಪರದೆ ಹೊಲಿಯುವಷ್ಟು ಹೊತ್ತು ಕೇಳಿಸಿ, ಕೊನೆಗೊಬ್ಬಳು ಹುಡುಗಿ ಬಂದಳು. ಜೇನು ಸುರಿಯುವ ದನಿ. "ಮೇಡಂ, ಒಂದ್ಸಲ ಬಾಕ್ಸ್ ಆಫ್ ಮಾಡಿ, ಸ್ವಲ್ಪ ಬಿಟ್ಟು ಆನ್ ಮಾಡಿ."

ಫೋನಿನ ಸ್ಪೀಕರ್ ಹಾಕಿದ್ದೆ. ಮಾವ ತಲೆ ಎತ್ತಿದರು. ನಮ್ಮ ಮನೆಗೆ ಬರುವ ಯಂತ್ರಗಳ ಬಗ್ಗೆ ಹೊರಗಿನವರೊಬ್ಬರು ಆಡಿದ ಮಾತಿಗೆ ಅವರು ತಲೆದೂಗಿದ್ದು ಅದೇ ಮೊದಲು. "ತಿಳುವಳಿಕೆ ಇರೋ ಹುಡುಗಿ" ಅಂದರು.

ಆಫ್ ಮಾಡಿ ಆನ್ ಮಾಡಿದ್ದಾಯಿತು. ಮತ್ತೆ ಮಿಣಮಿಣ. ಹೀಗೆ ಆ ವಾರ ಕಳೆಯಿತು, ಭಾನುವಾರ ಬಂತು. ಭಾನುವಾರ ಸಂಜೆ ಐದಕ್ಕೆ ಎಂದು ಏಣಿ ಮಾವನ ಮಗಳಿಗೆ ಮಾತು ಕೊಟ್ಟಿದ್ದೆವು. ಐದಾಯಿತು, ಆರಾಯಿತು, ನಮ್ಮ ಪೆಟ್ಟಿಗೆ ಕಣ್ಣು ಮಿಟುಕಿಸುತ್ತಲೇ ಇತ್ತು. ಅವಳೇ ಫೋನು ಮಾಡಿದಳು. "ಅಕ್ಕಾ, ಅಪ್ಪ ಇಸ್ತ್ರಿ ಶರ್ಟು ಹಾಕ್ಕೊಂಡು, ಹಳೇ ಟೋಪಿ ಇಟ್ಕೊಂಡು ಕೂತಿದ್ರು. ಈಗ ಟೋಪಿ ತೆಗೆದು ಎಸೆದುಬಿಟ್ರು. ಇನ್ನೊಂದು ಭಾನುವಾರ ಕೂರ್ತಾರೇನೋ ಕೈಕಾಲು ಹಿಡಿದು ನೋಡ್ತೀನಿ. ಅದೂ ತಪ್ಪಿದ್ರೆ ಇನ್ನು ಕೂರೋರಲ್ಲ. ಅಪ್ಪನ ಹಟ ನಿಮ್ಗೆ ಗೊತ್ತಲ್ಲ."

ಟೋಪಿಯ ಮಾತು ಮಾವನ ಕಿವಿಗೂ ಬಿತ್ತು. ಅವರು ರಾತ್ರಿ ಊಟಕ್ಕೆ ಏಳಲಿಲ್ಲ.

ಮರುದಿನದಿಂದ ನಾನು ಸೊಂಟ ಕಟ್ಟಿ ನಿಂತೆ. ಕೇಬಲಿನವನನ್ನು ಕರೆಸಿದೆ. ಅವನು ವೈರಿನ ತುದಿ ಕತ್ತರಿಸಿ ಹೊಸ ತುದಿ ಹಾಕಿದ, ಕಂಬ ಹತ್ತಿ ಇಳಿದ. ಮಿಣಮಿಣ. ಪೆಟ್ಟಿಗೆಯೇ ಕೆಟ್ಟಿರಬೇಕೆಂದು ಹೊಸ ಪೆಟ್ಟಿಗೆ ತಂದ. ಅದೂ ಮಿಣಮಿಣ. ಜೇನು ಹುಡುಗಿಯ ಜೊತೆ ಎಷ್ಟು ಮಾತಾಡಿದೆನೆಂದರೆ ಅವಳ ಕೆಮ್ಮು ಯಾವಾಗ ಶುರುವಾಯಿತು, ಯಾವಾಗ ವಾಸಿಯಾಯಿತು ಎಲ್ಲಾ ನನಗೆ ಗೊತ್ತು. ಒಂದು ದಿನ ಅವಳು, "ಮೇಡಂ, ನಿಮ್ಮನೇಲಿ ಕರೆಂಟು ಹೋಗಿ ಬಂದು ಮಾಡುತ್ತಾ? ನಿಮ್ಮ ಬಾಕ್ಸು ಮಾತಾಡ್ತಾ ಮಾತಾಡ್ತಾ ಮಾಯ ಆಗ್ಬಿಡುತ್ತೆ" ಅಂದಳು.

"ಕರೆಂಟೇನೂ ಹೋಗಿಲ್ಲಮ್ಮ. ನನ್ನ ಹೊಲಿಗೆ ಯಂತ್ರ ಓಡ್ತಾನೇ ಇದೆ. ಬಾಕ್ಸಿಗೆ ಕಾವಲೂ ಇದೆ" ಅಂದೆ. ಎಷ್ಟು ಜಂಬ ನೋಡಿ ನನಗೆ!

ನೀವು ಇಷ್ಟು ಹೊತ್ತಿಗೆ ಒಳಗೊಳಗೇ ನಗುತ್ತಿರಬಹುದು. ನಗಿ. ನನಗೆ ಮಾತ್ರ ಹೊಳೆಯಲಿಲ್ಲ. ಹೋಗಿ ಹೋಗಿ ನೋಡಿದಾಗಲೆಲ್ಲ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ ಹಾಗೇ ಇತ್ತು, ದೀಪ ಮಿಣುಕುತ್ತಲೇ ಇತ್ತು, ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಇನ್ನೇನು ಅನುಮಾನ ಪಡಲಿ? ದೇವರ ಮೇಲಾದರೂ ಪಟ್ಟೇನು, ಮಾವನ ಮಾತಿನ ಮೇಲೆ ಪಡಲಾರೆ.

ಎರಡನೆಯ ಭಾನುವಾರ. ಮಧ್ಯಾಹ್ನದ ಊಟ ಮುಗಿದಿತ್ತು. ಕಂಪನಿಗೆ ಹೇಳಿ ಮತ್ತೊಮ್ಮೆ ಸಿಗ್ನಲ್ ತರಿಸಿಕೊಂಡಿದ್ದೆ. ಹೊಲಿಗೆಗೆ ಕೂತರೆ ಮನಸ್ಸು ನಿಲ್ಲದು. ಚಪ್ಪಲಿ ಹಾಕದೆ, ಸದ್ದಿಲ್ಲದೆ ಎದ್ದು ಬಂದು ಬಾಗಿಲ ಮರೆಯಲ್ಲಿ ನಿಂತೆ.

ಮಾವ ಕುರ್ಚಿಯಿಂದ ಎದ್ದರು. ಕೈ ಹಿಂದುಮುಂದು ತಿರುಗಿಸಿ, ಅಂಗೈಯ ಹಿಂಬದಿಯನ್ನು ಮೆಲ್ಲಗೆ ಪೆಟ್ಟಿಗೆಯ ನೆತ್ತಿಗೆ ತಾಗಿಸಿದರು. ಮುಚ್ಚಿದ ಬಾಗಿಲ ಹಿಂದೆ ಬೆಂಕಿ ಇದೆಯೋ ಎಂದು ದಳದವರು ನೋಡುವುದೇ ಹಾಗೆ, ಕೈಯ ಹಿಂಬದಿಯಿಂದ. ಹುಬ್ಬು ಗಂಟಿಕ್ಕಿತು. ಪೆಟ್ಟಿಗೆಯ ಬೆನ್ನಿಗೆ ಕೈ ಹಾಕಿ, ಕರೆಂಟಿನ ವೈರಿನ ತುದಿಯನ್ನು ಪುಳಕ್ಕನೆ ಎಳೆದರು. ದೀಪಗಳೆಲ್ಲ ಆರಿದವು. ಮಾವ ಮಗುವಿನ ಜ್ವರ ಇಳಿಯಲೆಂದು ಕಾಯುವವರ ಹಾಗೆ ಪಕ್ಕದಲ್ಲಿ ನಿಂತು, ಟವಲಿನಿಂದ ಅದಕ್ಕೆ ಗಾಳಿ ಹಾಕಿದರು. ಮತ್ತೆ ಮುಟ್ಟಿ ನೋಡಿ, ಸಮಾಧಾನವಾಗಿ, ವೈರು ಮೊದಲಿನ ಹಾಗೆ ಚುಚ್ಚಿದರು. ಮಿಣಮಿಣ.

ನನ್ನ ಪಿತ್ತ ನೆತ್ತಿಗೇರಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ! ಬೇಲಿಯೇ ಎದ್ದು ಹೊಲ ಮೇಯ್ದಿದೆಯಲ್ಲ!

"ಮಾವ! ಏನ್ಮಾಡ್ತಿದೀರಾ?"

"ಬಿಸಿಯಾಗಿತ್ತಮ್ಮ" ಅಂದರು, ಶಾಂತವಾಗಿ. "ಆಗಾಗ ಬಿಸಿ ಆಗುತ್ತೆ. ಸ್ವಲ್ಪ ಆರಿಸಿ ಹಾಕ್ತಾ ಇದೀನಿ."

"ಆಗಾಗಾನಾ! ಯಾವತ್ತಿಂದ?"

"ತಂದಾಗಿಂದ. ರಾತ್ರಿ ಮಲಗೋವಾಗ ಕಿತ್ತೇ ಇಡ್ತೀನಿ."

"ಮುಟ್ಟಲ್ಲ ಅಂತ ಮಾತು ಕೊಟ್ಟಿದ್ರಲ್ಲ ಮಾವ!"

"ಸ್ವಿಚ್ ಮುಟ್ಟಿಲ್ಲವಲ್ಲಮ್ಮ." ಅವರ ಮುಖದಲ್ಲಿ ಕಪಟದ ಲವಲೇಶವೂ ಇಲ್ಲ. "ನಿನ್ನ ಟೇಪು ಹಾಗೇ ಇದೆ ನೋಡು. ಅಲ್ಲದೆ ಆ ಹುಡುಗೀನೂ ಹೇಳಿದ್ಲಲ್ಲ, ಆಫ್ ಮಾಡಿ ಆನ್ ಮಾಡಿ ಅಂತ."

ಅತ್ತೆ ಗಲಾಟೆ ಕೇಳಿ ಅಡುಗೆಮನೆಯಿಂದ ಬಂದರು. ವಿಷಯ ತಿಳಿದು ಮೊದಲು ಬಾಯಿ ಮೇಲೆ ಕೈ ಇಟ್ಟುಕೊಂಡರು, ಆಮೇಲೆ ತಡೆಯಲಾರದೆ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ. "ನಗ್ಬೇಡಿ ಅತ್ತೆ. ಅದನ್ನ ಆರಿಸಿದಾಗಲೆಲ್ಲ ಮತ್ತೆ ಮೊದಲಿಂದ ಶುರು ಆಗುತ್ತೆ. ಹೋದ ಭಾನುವಾರ ಏಣಿ ಮಾವ ಟೋಪಿ ಇಟ್ಕೊಂಡು ಕಾದು ಕಾದು ಎದ್ದು ಹೋಗಿದ್ದು ಕಂಪನಿಯಿಂದ ಅಲ್ಲ, ಇವರಿಂದ!"

ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾವ ಪೆಟ್ಟಿಗೆಯನ್ನೇ ನೋಡುತ್ತಾ ನಿಂತರು. "ನನ್ನಿಂದಾನಾ?" ಅಂದರು. ಮತ್ತೆ, ಇನ್ನೂ ಮೆಲ್ಲಗೆ, "ಹಗ್ಗ ಬಿಟ್ಟವನು ನಾನೇನಾ?" ಅಂದರು. ಅತ್ತೆಯ ನಗು ನಿಂತಿತು. ಇಷ್ಟು ವರ್ಷದಲ್ಲಿ ಮಾವನ ಮುಖ ಹಾಗೆ ಬಾಡಿದ್ದನ್ನು ನಾನು ಕಂಡಿರಲಿಲ್ಲ. ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ ಅನ್ನಿಸಿತು.

"ಹಾಗಲ್ಲ ಮಾವ. ಈಗ್ಲೂ ಹೊತ್ತಿದೆ. ಐದರ ತನಕ ಅದನ್ನ ಅದರ ಪಾಡಿಗೆ ಬಿಟ್ರೆ ಸಾಕು. ನಾವೆಲ್ಲ ಹೊರಗೆ ಒಂದು ಸುತ್ತು ಹೋಗಿ ಬರೋಣ. ಕಣ್ಣಿಗೆ ಕಾಣದಿದ್ರೆ ಕೈಯೂ ಹೋಗಲ್ಲ."

ಮಾವ ನನ್ನನ್ನು ನೋಡಿದ ನೋಟ ನೋಡಬೇಕಿತ್ತು. ಉರಿಯುವ ದೀಪ, ಬಿಸಿ ಪೆಟ್ಟಿಗೆ, ಪಕ್ಕದಲ್ಲಿ ಬಟ್ಟೆಯ ಪರದೆ, ಖಾಲಿ ಮನೆ! ಒಳಕೋಣೆಯಲ್ಲಿ ನಾನು ಹೊಲಿದ ಪರದೆಗಳ ರಾಶಿ ಬೇರೆ. "ಆಗಲ್ಲಮ್ಮ" ಅಂದರು. "ನಾನು ಇಲ್ಲೇ ಕೂರ್ತೀನಿ. ಮುಟ್ಟಲ್ಲ. ವೈರೂ ಮುಟ್ಟಲ್ಲ." ಹಿತ್ತಲಿಗೆ ಹೋದರು. ಬರುವಾಗ ಕೈಯಲ್ಲಿ ಕೆಂಪು ಬಕೆಟ್ಟು, ಅದರ ತುಂಬ ಮರಳು. ಮೋಡೆಮ್ಮಿನ ಪಕ್ಕ ಸ್ಟೂಲಿನ ಮೇಲೆ ಇಟ್ಟರು. ಪರದೆಯನ್ನು ಎತ್ತಿ ಗಂಟು ಹಾಕಿದರು, ಅವರು ಹಾಕಿದ ಗಂಟು ಬಿಚ್ಚಲು ಆಮೇಲೆ ನನಗೆ ಕತ್ತರಿಯೇ ಬೇಕಾಯಿತು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಗೂಟ ಅನ್ನುವ ಹೆಸರು ಯಾಕೆ ಬಂತೆಂದು ನನಗೆ ಅವತ್ತು ಅರ್ಥವಾಯಿತು.

ಮೊದಲು ಚೆನ್ನಾಗಿಯೇ ನಡೆಯಿತು. ಮಿಣಮಿಣ ಮಿಣಮಿಣ. ಸ್ವಲ್ಪ ಹೊತ್ತಿಗೆ ಮಾವನ ಬಲಗೈ ತೊಡೆಯ ಮೇಲಿಂದ ಎದ್ದಿತು. ಮಾವ ಅದನ್ನು ನೋಡಿದರು, ಬೇರೆ ಯಾರದೋ ಕೈ ನೋಡುವ ಹಾಗೆ. ವಾಪಸ್ಸು ಇಟ್ಟುಕೊಂಡರು. ಮತ್ತೆ ಎದ್ದಿತು. ಪೆಟ್ಟಿಗೆಯ ನೆತ್ತಿ ಮುಟ್ಟಿತು. "ಕಾದಿದೆ" ಅಂದರು. ಬೆರಳು ತಾನೇ ತಾನಾಗಿ ಹಿಂದಿನ ವೈರಿನ ಕಡೆ ಹರಿಯಿತು.

ಅತ್ತೆ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದುಕೊಂಡರು. ಸುಮ್ಮನೆ ಹಿಡಿದದ್ದಲ್ಲ, ಎರಡೂ ಕೈಯಲ್ಲಿ, ಮಡಿಲಲ್ಲಿಟ್ಟುಕೊಂಡು.

ಮಾವ ಗಾಬರಿಯಾಗಿ ನನ್ನ ಕಡೆ ನೋಡಿದರು. "ಏನೇ ಇದು, ಹುಡುಗಿ ನಿಂತಿದಾಳೆ" ಅಂದರು.

"ನಿಂತಿರ್ಲಿ ಬಿಡಿ. ಇಷ್ಟು ವರ್ಷ ಸಂಸಾರ ಮಾಡಿದೀನಿ, ನಿಮ್ಮ ಕೈ ಬಿಡುವಾಗಿ ನನಗೆ ಸಿಕ್ಕಿದ್ದೇ ಇವತ್ತು" ಅಂದರು ಅತ್ತೆ. "ಒಂದೋ ಸ್ವಿಚ್ಚು, ಇಲ್ಲಾ ಹಗ್ಗ. ಕೂತ್ಕೊಳ್ಳಿ ತೆಪ್ಪಗೆ."

ಮಾವನ ಕಿವಿ ಕೆಂಪಾಯಿತು. ಕೂತರು. ನಾನು ಗೋಡೆ ಕಡೆ ತಿರುಗಿ, ಇಲ್ಲದ ಧೂಳು ಒರೆಸಿದೆ. ದೀಪಗಳು ಒಮ್ಮೆ ಪೂರ್ತಿ ಆರಿದವು. "ನಾನಲ್ಲ" ಎಂದು ಮಾವ ತಕ್ಷಣ ಹೇಳಿದರು. ಪೆಟ್ಟಿಗೆ ತಾನೇ ಮತ್ತೆ ಕಣ್ಣು ಬಿಟ್ಟಿತು. ಐದು ಹೊಡೆಯಲು ಇನ್ನೂ ಸ್ವಲ್ಪ ಇದೆ ಅನ್ನುವಾಗ ಆ ನಡುವಿನ ದೀಪ ಮಿಟುಕುವುದನ್ನು ಮರೆತ ಹಾಗೆ ನಿಂತು, ಒಂದೇ ಸಮ ಉರಿಯತೊಡಗಿತು. ಮೂವರೂ ಉಸಿರು ಬಿಟ್ಟೆವು. ಅತ್ತೆ ಕೈ ಬಿಟ್ಟದ್ದು ಅದಾದ ಮೇಲೂ ಸುಮಾರು ಹೊತ್ತಿನ ಮೇಲೆ.

ಏಣಿ ಮಾವನ ಮಗಳು ಕರೆ ಎತ್ತಿದಳು. ಚಿತ್ರ ಕನ್ನಡಿಯ ಹಾಗೆ ಸ್ಪಷ್ಟ. ಆದರೆ ಕಂಡದ್ದು ಏಣಿ ಮಾವನ ಬೆನ್ನು. ಕುರ್ಚಿ ಗೋಡೆಯ ಕಡೆ ತಿರುಗಿತ್ತು, ತಲೆಯ ಮೇಲೆ ಟೋಪಿಯಿಲ್ಲ. ಬಟ್ಟೆಯಂತೂ ಇಸ್ತ್ರಿಯದಲ್ಲ, ಮಾಸಲು ಬನಿಯನ್ನು. ಅವಳು "ಅಪ್ಪಾ, ಈ ಸಲ ಬಂದಿದಾರೆ ಅಪ್ಪಾ, ನೋಡಪ್ಪಾ" ಎಂದು ಭುಜ ಅಲ್ಲಾಡಿಸಿದಳು. ಆ ಬೆನ್ನು ಕದಲಲಿಲ್ಲ.

ಕೈಸನ್ನೆ ಮಾಡೋಣವೆಂದರೆ ನೋಡುವವರೇ ಇಲ್ಲ. ಮಾವ ಬಾಯಿ ತೆರೆದರು, ಮುಚ್ಚಿದರು. ನಾನು ಹೇಳಿಕೊಡಲು ಹೊರಟರೆ ಅತ್ತೆ ನನ್ನ ತೋಳು ಚಿವುಟಿದರು. ಆಗ ಮಾವ ಮಾತಾಡಿದರು. ಅವರ ಬಾಯಲ್ಲಿ ಅಷ್ಟು ಮಾತು ಒಟ್ಟಿಗೆ ನಾನು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಿಲ್ಲ.

"ಲೋ ಏಣಿ. ಗೂಟ ಕಣೋ. ಹೋದ ವಾರ ಹಗ್ಗ ಜಾರಿತ್ತು. ಕಂಪನಿ ತಪ್ಪಲ್ಲ, ನನ್ನದೇ. ಬಿಸಿಯಾಗಿತ್ತು ಅಂತ ನಾನೇ ಕಿತ್ತೆ. ಈಗ ಹಿಡಿದಿದೀನಿ ಕಣೋ. ನೀನಿಲ್ದೆ ಸಂಜೆ ಆಗಲ್ಲ ನಂಗೆ. ತಿರುಗೋ ಇಲ್ಲಿ."

ಬೆನ್ನು ಅಲ್ಲಾಡಿತು. ಅಳುತ್ತಿದ್ದಾರೇನೋ ಅಂದುಕೊಂಡೆ. ಕುರ್ಚಿ ಕಿರ್ರೆಂದು ತಿರುಗಿತು. ಏಣಿ ಮಾವ ನಗುತ್ತಿದ್ದರು. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು. ಗಂಟಲಿಗೆ ಬಿಳೀ ಬಟ್ಟೆ. ನಮ್ಮ ಮಾವ ತಾವೇ ಕಿತ್ತದ್ದು ಎಂದು ಹೇಳಿದ್ದನ್ನು ಕೇಳಿ ಅವರಿಗೆ ಏನೇನೂ ಆಶ್ಚರ್ಯವಾದಂತಿರಲಿಲ್ಲ. ಅವರ ಕಣ್ಣು ನಮ್ಮ ಮಾವನ ಹೆಗಲಾಚೆ ಹೋಯಿತು. ಕೆಂಪು ಬಕೆಟ್ಟು ಕಂಡಿತು. ಉದ್ದನೆಯ ಕೈ ಮೇಲೆದ್ದು ತಲೆಯ ಸುತ್ತ ಗರಗರ ತಿರುಗಿತು. ನೀರು ಬಿಡ್ಲಾ?

ಮಾವ ಅಂಗೈ ಎತ್ತಿದರು. ನಿಲ್ಲು, ಬೇಡ.

ಅಲ್ಲಿಂದ ಶುರುವಾಯಿತು ನೋಡಿ! ಏಣಿ ಮಾವನ ಕೈಗಳು ಅವರ ನಾಲಿಗೆಗಿಂತ ಜೋರು. ಬೆಂಕಿಯ ಸನ್ನೆ ಮುಗಿದ ಮೇಲೆ ಅಲ್ಲಲ್ಲೇ ಹೊಸದನ್ನು ಹುಟ್ಟಿಸಿಕೊಂಡು, ಆಸ್ಪತ್ರೆಯ ಡಾಕ್ಟರು ನಡೆಯುವ ರೀತಿ, ಅಳಿಯ ಗೊರಕೆ ಹೊಡೆಯುವ ರೀತಿ, ಎಲ್ಲಾ ಕೈಯಲ್ಲೇ. ನಮ್ಮ ಮಾವ ಈ ಕಡೆಯಿಂದ ತಲೆ ಆಡಿಸುವುದು, ಆಗಾಗ ಒಂದು ಬೆರಳು ಎತ್ತುವುದು. ಅದು "ಹ್ಞೂ" ಅಂತ. ಒಮ್ಮೆ ಏಣಿ ಮಾವ ಹಿಂದಕ್ಕೆ ಕೈ ತೋರಿಸಿ ಬಹಳ ಹೊತ್ತು ಏನೋ ದೂರು ಹೇಳಿದರು. ಮಾವನ ಮುಖ ಗಂಭೀರವಾಯಿತು.

"ಏನಂತೆ ಮಾವ?" ಅಂದೆ, ಹೆದರಿ.

"ಅವರ ಮನೆ ಅಡುಗೆಕೋಣೆ ಬಾಗಿಲು ಒಳಗಡೆಗೆ ತೆರೆಯುತ್ತಂತೆ. ಸರಿ ಅಲ್ಲ ಅಂತಾನೆ."

ಕೊನೆಗೆ ಮಗಳು ಊಟಕ್ಕೆ ಕರೆದಳು. ಏಣಿ ಮಾವ ಎದ್ದು ನಿಂತರು. ಹೊರಡುವ ಮುನ್ನ ಮುಷ್ಟಿ ಕಟ್ಟಿ ಎದೆಗೊತ್ತಿ ಹಿಡಿದರು. ನಮ್ಮ ಮಾವನೂ ಎದ್ದು ನಿಂತು, ಹಾಗೇ ಎದೆಗೊತ್ತಿ ಹಿಡಿದರು. ಚಿತ್ರ ಹೋಯಿತು. ಮಾವನ ಮುಷ್ಟಿ ಇನ್ನೂ ಎದೆಯ ಮೇಲೇ ಇತ್ತು.

ಮನೆಯಲ್ಲಿ ಹಾಲು ಮುಗಿದಿತ್ತು. ಮೂವರೂ ನಡೆದು ಹೋಗಿ ತರೋಣ, ಗಾಳಿಯೂ ಸಿಗುತ್ತದೆ ಎಂದು ಹೊರಟೆವು. ಮಾವ ಎಂದಿನ ಹಾಗೆ ಕೋಣೆ ಕೋಣೆ ಸುತ್ತಿದರು. ಫ್ಯಾನು ಆಯಿತು, ದೀಪ ಆಯಿತು, ನನ್ನ ಹೊಲಿಗೆ ಯಂತ್ರದ ಪ್ಲಗ್ಗು ಕಿತ್ತು ಸುರುಳಿ ಸುತ್ತಿದ್ದಾಯಿತು, ಗ್ಯಾಸು ಮುಟ್ಟಿ ನೋಡಿದ್ದಾಯಿತು. ಕೊನೆಗೆ ಮೋಡೆಮ್ಮಿನ ಮುಂದೆ ಬಂದು ನಿಂತರು. ನಾನೂ ಅತ್ತೆಯೂ ಹೊಸ್ತಿಲಲ್ಲಿ ನಿಂತು ನೋಡಿದೆವು. ಕೈಯ ಹಿಂಬದಿ ಪೆಟ್ಟಿಗೆಯ ನೆತ್ತಿಗೆ ಹೋಯಿತು. ಬಿಸಿ ಇತ್ತು, ಇದ್ದೇ ಇರುತ್ತದೆ. ಕತ್ತಲಾದ ಖಾಲಿ ಕೋಣೆಯಲ್ಲಿ ಆ ಒಂದು ದೀಪ ಮಾತ್ರ ಉರಿಯುತ್ತಿತ್ತು.

ಮಾವ ಕೈ ತೆಗೆದರು. ಮರಳಿನ ಬಕೆಟ್ಟನ್ನು ಒಂದಿಷ್ಟು ಹತ್ತಿರಕ್ಕೆ ಸರಿಸಿದರು. ಹೊರಗೆ ಬಂದು ಚಪ್ಪಲಿ ಮೆಟ್ಟಿದರು.

"ಅದು ಉರೀಲಿ ಬಿಡಮ್ಮ" ಅಂದರು. "ಅವನು ಒಳಗಿದಾನೆ."

ನಾನು ಬಾಗಿಲಿಗೆ ಬೀಗ ಹಾಕಿದೆ.